ಹಾಡಲು ಕಂಠ ಬೇಕೋ, ಮನಸ್ಸು ಬೇಕೋ?

ಯುವಜನರಿಗಾಗಿ ಅಧ್ಯಯನ ಪಾಠ

ಮೊದಲು ಓದಿಕೊಳ್ಳಬೇಕಾದ ಭಾಗಗಳು: ಮತ್ತಾಯ 25:14–30, 1 ಪೂರ್ವಕಾಲ ವೃತ್ತಾಂತ 25:1–8, ರೋಮನರಿಗೆ 12:4–8



ನವೆಂಬರ್ 22 ಸಂತ ಸಿಸಿಲಿಯರ ಹಬ್ಬ. ಧರ್ಮಸಭೆ ಅವರನ್ನು ಸಂಗೀತಗಾರರ ಪಾಲಕ ಸಂತರೆಂದು ಗೌರವಿಸುತ್ತದೆ. ಅದರ ಬೆನ್ನಿಗೇ ಆಗಮನ ಕಾಲ ಬರುತ್ತದೆ, ಕ್ರಿಸ್ತಜಯಂತಿಯ ಹಾಡುಗಳ ಅಭ್ಯಾಸವೂ ಶುರುವಾಗುತ್ತದೆ. ಈ ಹೊತ್ತಿಗೆ ನಮ್ಮ ಗಾನವೃಂದದಲ್ಲಿ ಮೂರು ಬಗೆಯ ಮಾತು ಕೇಳಿಬರುತ್ತವೆ. ಕೆಲವರು “ನನಗೆ ಕಂಠವಿಲ್ಲ, ನಾನು ಬರೋದಿಲ್ಲ” ಎನ್ನುತ್ತಾರೆ. ಕೆಲವರು “ಹಾಡು ಅಂದರೆ ನನಗೆ ಪ್ರಾಣ, ಆದರೆ ಪ್ರ್ಯಾಕ್ಟೀಸಿಗೆ ಪುರುಸೊತ್ತಿಲ್ಲ, ಭಾನುವಾರ ನೇರವಾಗಿ ಬಂದು ಹಾಡುತ್ತೇನೆ” ಎನ್ನುತ್ತಾರೆ. ಹಿರಿಯರಲ್ಲಿ ಕೆಲವರು “ಚೆನ್ನಾಗಿ ಹಾಡುವವರನ್ನಷ್ಟೇ ಮುಂದೆ ನಿಲ್ಲಿಸಿ, ಉಳಿದವರು ಕೂತು ಕೇಳಲಿ” ಎಂದು ಸಲಹೆ ಕೊಡುತ್ತಾರೆ.

ಮೂರೂ ಮಾತಿನ ಹಿಂದೆ ಇರುವುದು ಒಂದೇ ಪ್ರಶ್ನೆ. ಹಾಡು ಹುಟ್ಟಿನಿಂದ ಬರುತ್ತದೆಯೋ, ಅಥವಾ ಒಲವಿದ್ದರೆ ಯಾರಿಗಾದರೂ ಬರುತ್ತದೆಯೋ? ಈ ಪಾಠದಲ್ಲಿ ಆ ಪ್ರಶ್ನೆಯನ್ನು ಪವಿತ್ರಗ್ರಂಥ, ಧರ್ಮಸಭೆಯ ಬೋಧನೆ, ನಮ್ಮ ಕನ್ನಡ ನಾಡಿನ ಗಾಯಕರ ಬದುಕು ಮತ್ತು ವಿಜ್ಞಾನದ ಬೆಳಕಿನಲ್ಲಿ ನೋಡೋಣ.

ನಮ್ಮ ಊರಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ನಾಗಲಗಿದ್ದದ ಸುತ್ತಮುತ್ತ ನಮ್ಮ ಮನೆಗಳಲ್ಲಿ ಕನ್ನಡ, ಶಾಲೆ-ಕಚೇರಿಗಳಲ್ಲಿ ತೆಲುಗು, ಸಂತೆಯಲ್ಲಿ ಉರ್ದು-ಮರಾಠಿ, ತಾಂಡಾಗಳಲ್ಲಿ ಲಂಬಾಣಿ. ಧರ್ಮಪ್ರಾಂತ್ಯದಲ್ಲಿ ತೆಲುಗು ಹಾಡುಗಳಿಗೂ ಕೊರತೆಯಿಲ್ಲ, ಹಾಡುವವರಿಗೂ ಕೊರತೆಯಿಲ್ಲ. ಅದು ಸಂತೋಷದ ವಿಷಯ, ನಾವೂ ಅವನ್ನು ಹಾಡುತ್ತೇವೆ. ಕನ್ನಡ ಹಾಡಿನ ಸ್ಥಿತಿ ಬೇರೆ. ಕನ್ನಡ ಬಲಿಪೂಜೆಗೆ ಬರುವ ಮನೆಗಳು ಕೆಲವೇ. ಮೂವತ್ತು ಜನರ ಗಾನವೃಂದದಲ್ಲಿ ಇಬ್ಬರು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆರು ಜನರಲ್ಲಿ ಇಬ್ಬರು ಬಿಟ್ಟರೆ ಪ್ರತ್ಯುತ್ತರ ಕೀರ್ತನೆಯನ್ನು ಹಾಡುವ ಬದಲು ಓದಿ ಮುಗಿಸಬೇಕಾಗುತ್ತದೆ. ಹೀಗೆ ಓದುವುದೇ ರೂಢಿಯಾದರೆ, ನಮ್ಮ ಅಜ್ಜಿಯರು ಹಾಡುತ್ತಿದ್ದ ರಾಗ ನಮ್ಮ ಮಕ್ಕಳ ಕಿವಿಗೆ ಬೀಳುವುದಿಲ್ಲ.

ತಲಾಂತು ಎಂದರೆ ಎಷ್ಟು?

ಹುಟ್ಟಿನಿಂದ ಬಂದ ಸಾಮರ್ಥ್ಯಕ್ಕೆ ನಾವೆಲ್ಲ ದಿನಬಳಕೆಯಲ್ಲಿ ‘ಟ್ಯಾಲೆಂಟ್’ ಎನ್ನುತ್ತೇವೆ. ಈ ಪದಕ್ಕೆ ಆ ಅರ್ಥ ಬಂದದ್ದೇ ಶುಭಸಂದೇಶದಿಂದ. ಮೂಲ ಗ್ರೀಕಿನಲ್ಲಿ ‘ತಲಾಂತೋನ್’ ಎಂದರೆ ಒಂದು ತೂಕ, ಆ ತೂಕದ ಹಣ. ಯೇಸುಸ್ವಾಮಿ ಹೇಳಿದ ಸಾಮತಿಯನ್ನು ಶತಮಾನಗಳ ಕಾಲ ಓದಿ ವ್ಯಾಖ್ಯಾನಿಸಿದ ಮೇಲೆ ಯೂರೋಪಿನ ಭಾಷೆಗಳಲ್ಲಿ ಅದು ದೇವರು ಕೊಟ್ಟ ಸಾಮರ್ಥ್ಯಕ್ಕೆ ಹೆಸರಾಯಿತು. ಎ ವರ್ಷದಲ್ಲಿ ಸಾಧಾರಣ ಕಾಲದ 33ನೇ ಭಾನುವಾರ, ಅಂದರೆ ನವೆಂಬರ್ ತಿಂಗಳಲ್ಲೇ, ಈ ಸಾಮತಿಯನ್ನು ಪೂಜೆಯಲ್ಲಿ ಕೇಳುತ್ತೇವೆ.

ಒಂದು ಲೆಕ್ಕ ಮಾಡೋಣ. ಒಂದು ತಲಾಂತು ಸುಮಾರು 6,000 ದಿನಾರಿಗಳಿಗೆ ಸಮ. ಒಂದು ದಿನಾರಿ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ದ್ರಾಕ್ಷಿತೋಟದ ಕೂಲಿಗಳ ಸಾಮತಿಯಲ್ಲಿ ಇದನ್ನೇ ಕಾಣುತ್ತೇವೆ (ಮತ್ತಾಯ 20:2). ವರ್ಷಕ್ಕೆ 300 ದಿನ ಕೆಲಸ ಎಂದು ಹಿಡಿದರೂ ಒಂದು ತಲಾಂತು 20 ವರ್ಷದ ದುಡಿಮೆ. ಅಂದರೆ ಒಂದೇ ತಲಾಂತು ಪಡೆದವನಿಗೂ ಯಜಮಾನ ಕೊಟ್ಟದ್ದು ಚಿಲ್ಲರೆಯಲ್ಲ. “ನನಗೇನೂ ಕೊಟ್ಟಿಲ್ಲ” ಎಂದು ಹೇಳುವ ಹಕ್ಕು ಅವನಿಗಿರಲಿಲ್ಲ.

ಈ ಸಾಮತಿಯಲ್ಲಿ ಮೂರು ವಿಷಯ ಗಮನಿಸಿ. ಮೊದಲನೆಯದು, ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು. ಎಲ್ಲರಿಗೂ ಸಮನಾಗಿ ಹಂಚಲಾಯಿತು ಎಂದು ಯೇಸು ಹೇಳುವುದಿಲ್ಲ. ವ್ಯತ್ಯಾಸ ಇದೆ ಎಂಬುದನ್ನು ನಾವೂ ಒಪ್ಪಿಕೊಳ್ಳಬೇಕು. ಎರಡನೆಯದು, ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಯಜಮಾನ ಹೇಳುವ ಮೆಚ್ಚುಗೆಯ ಮಾತು ಒಂದೇ. 21 ಮತ್ತು 23ನೇ ವಚನಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ, ವ್ಯತ್ಯಾಸ ಹುಡುಕಿ. ಮೂರನೆಯದು, ಮೂರನೆಯ ಸೇವಕ ಬೈಸಿಕೊಂಡದ್ದು ಕಡಿಮೆ ಗಳಿಸಿದ್ದಕ್ಕಲ್ಲ, ಏನನ್ನೂ ಮಾಡದೆ ಹೂತಿಟ್ಟದ್ದಕ್ಕೆ. ಹೂತಿಟ್ಟ ಕಾರಣವನ್ನೂ ಅವನೇ ಹೇಳುತ್ತಾನೆ: ಹೆದರಿಕೆ. “ನನಗೆ ಕಂಠವಿಲ್ಲ” ಎಂಬ ಮಾತನ್ನು ಸ್ವಲ್ಪ ಕೆರೆದು ನೋಡಿದರೆ ಎಷ್ಟೋ ಸಲ ಒಳಗೆ ಸಿಗುವುದು ಅದೇ ಹೆದರಿಕೆ. ಯಾರಾದರೂ ನಕ್ಕರೆ? ನನ್ನ ದನಿ ಬೇರೆಯಾಗಿ ಕೇಳಿಸಿದರೆ?

ದೇವಾಲಯದಲ್ಲಿ ಕಲಿತು ಹಾಡಿದವರು

ಹಳೆಯ ಒಡಂಬಡಿಕೆಗೆ ಬರೋಣ. ದಾವೀದನು ದೇವರ ಆರಾಧನೆಗಾಗಿ ಆಸಾಫ, ಹೇಮಾನ, ಯೆದುತೂನ ಇವರ ಮಕ್ಕಳನ್ನು ಗಾಯನಕ್ಕೆ ನೇಮಿಸಿದ. 1 ಪೂರ್ವಕಾಲ ವೃತ್ತಾಂತದ 25ನೇ ಅಧ್ಯಾಯ ಅವರ ಸಂಖ್ಯೆಯನ್ನೂ ಕೊಡುತ್ತದೆ: 288. ಹನ್ನೆರಡು ಜನರಂತೆ 24 ತಂಡ. ಅವರೆಲ್ಲರೂ ಹಾಡಿನಲ್ಲಿ ತರಬೇತಿ ಹೊಂದಿದವರು ಎಂದು ಏಳನೇ ವಚನ ಹೇಳುತ್ತದೆ. ಹುಟ್ಟಿನಿಂದ ಇಂಪಾದ ದನಿಯವರು ಎಂದು ಹೇಳುವುದಿಲ್ಲ. ಎಂಟನೇ ವಚನ ಇನ್ನೂ ಸೊಗಸಾಗಿದೆ: ಯಾರ ಸರದಿ ಯಾವಾಗ ಎಂದು ಚೀಟಿ ಹಾಕಿ ತೀರ್ಮಾನಿಸಿದರು. ದೊಡ್ಡವರು-ಚಿಕ್ಕವರು, ಗುರು-ಶಿಷ್ಯ ಎಂಬ ಭೇದ ಮಾಡಲಿಲ್ಲ. ಹಾಗೆಂದು ಎಲ್ಲರಿಗೂ ಎಲ್ಲ ಕೆಲಸವನ್ನೂ ಕೊಡಲಿಲ್ಲ. 15ನೇ ಅಧ್ಯಾಯದಲ್ಲಿ ಕೆನನ್ಯ ಎಂಬ ಲೇವಿಯನು ಹಾಡನ್ನು ನಡೆಸುತ್ತಾನೆ. ಏಕೆಂದರೆ ಅವನಿಗೆ ಆ ವಿದ್ಯೆ ಚೆನ್ನಾಗಿ ತಿಳಿದಿತ್ತು.

33ನೇ ಕೀರ್ತನೆಯ ಮೂರನೇ ವಚನವನ್ನೂ ತೆರೆದು ನೋಡಿ. ವಾದ್ಯವನ್ನು ಜಾಣ್ಮೆಯಿಂದ ನುಡಿಸಬೇಕೆಂಬ ಮಾತೂ ಹರ್ಷಧ್ವನಿಯ ಮಾತೂ ಅಲ್ಲಿ ಜೊತೆಯಲ್ಲೇ ಇವೆ.

ಧರ್ಮಸಭೆಯ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಹನ್ನೊಂದನೇ ಶತಮಾನದಲ್ಲಿ ಇಟಲಿಯ ಅರೆತ್ಸೋ ನಗರದಲ್ಲಿ ಗೀದೋ ಎಂಬ ಬೆನೆದಿಕ್ತ ಸಭೆಯ ಸನ್ಯಾಸಿ ಹುಡುಗರಿಗೆ ಹಾಡು ಕಲಿಸುತ್ತಿದ್ದರು. ಆಗ ಸ್ವರಗಳನ್ನು ನಿಖರವಾಗಿ ಬರೆದಿಡುವ ಪದ್ಧತಿ ಇರಲಿಲ್ಲ. ಗುರು ಹಾಡಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಬೇಕಿತ್ತು. ಹತ್ತು ವರ್ಷ ಕಲಿತರೂ ಪೂರ್ತಿ ಬರುತ್ತಿರಲಿಲ್ಲ. ಗೀದೋ ಗೆರೆಗಳ ಮೇಲೆ ಸ್ವರ ಬರೆಯುವ ಕ್ರಮವನ್ನು ಬೆಳೆಸಿದರು. ಸ್ನಾನಿಕ ಯೊವಾನ್ನರ ಸ್ತುತಿಗೀತೆಯೊಂದರಲ್ಲಿ ಪ್ರತಿ ಸಾಲೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಶುರುವಾಗುವುದನ್ನು ಬಳಸಿಕೊಂಡು, ಆ ಸಾಲುಗಳ ಮೊದಲ ಅಕ್ಷರಗಳಿಂದ ಉತ್, ರೇ, ಮೀ, ಫಾ, ಸೋಲ್, ಲಾ ಎಂಬ ಹೆಸರು ಕೊಟ್ಟರು. ನಮ್ಮ ಸ ರಿ ಗ ಮ ಇದ್ದಂತೆ. ಈ ಕ್ರಮದಿಂದ ಒಂದು, ಹೆಚ್ಚೆಂದರೆ ಎರಡು ವರ್ಷದಲ್ಲಿ ಗಾಯಕನನ್ನು ತಯಾರು ಮಾಡಬಹುದು ಎಂದು ಅವರು ತಮ್ಮ ಸ್ನೇಹಿತ ಸನ್ಯಾಸಿಗೆ ಪತ್ರ ಬರೆದರು. ಹುಡುಗರ ಕಂಠ ಮೊದಲಿನದೇ. ಬದಲಾದದ್ದು ಕಲಿಸುವ ರೀತಿ. “ಇವನಿಗೆ ಹಾಡು ಬರುವುದಿಲ್ಲ” ಎಂದು ಹೇಳುವ ಮೊದಲು “ಇವನಿಗೆ ಸರಿಯಾಗಿ ಕಲಿಸಿದ್ದೇವೆಯೇ” ಎಂದು ನಾವೂ ಕೇಳಿಕೊಳ್ಳಬೇಕು.

ಕನ್ನಡ ನಾಡಿನ ಇಬ್ಬರು ಹುಡುಗರು

ಈಗ ನಮ್ಮ ನಾಡಿಗೆ ಬರೋಣ. ಭೀಮಸೇನ ಜೋಶಿ 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿದರು. ಕುಮಾರ ಗಂಧರ್ವ 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದರು. ಇಬ್ಬರೂ ಹಿಂದೂಸ್ತಾನಿ ಸಂಗೀತದ ದೊಡ್ಡ ಹೆಸರುಗಳು. ಆದರೆ ಬಾಲ್ಯದಲ್ಲಿ ಇಬ್ಬರ ದಾರಿ ಬೇರೆ ಬೇರೆ.

ಕುಮಾರರ ಹುಟ್ಟುಹೆಸರು ಶಿವಪುತ್ರ. ದೊಡ್ಡ ಗಾಯಕರ ಗ್ರಾಮಫೋನ್ ರೆಕಾರ್ಡುಗಳನ್ನು ಕೇಳಿ ಅದೇ ರೀತಿ ಹಾಡಿ ತೋರಿಸುತ್ತಿದ್ದ ಬಾಲಕ. ಹತ್ತು-ಹನ್ನೊಂದರ ವಯಸ್ಸಿಗೇ ದೊಡ್ಡ ಸಭೆಗಳಲ್ಲಿ ಹಾಡಿ ಜನರನ್ನು ಬೆರಗುಗೊಳಿಸಿದ. ‘ಕುಮಾರ ಗಂಧರ್ವ’ ಎಂಬುದು ಆ ಎಳೆಯ ವಯಸ್ಸಿನಲ್ಲಿ ಸಿಕ್ಕ ಬಿರುದು. ಹುಟ್ಟುಪ್ರತಿಭೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಹುಡುಕುವುದು ಕಷ್ಟ.

ಭೀಮಸೇನರದು ಹಂಬಲದ ಕಥೆ. ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ ಮನಸೋತ ಹುಡುಗ, ಗುರುವನ್ನು ಹುಡುಕಿಕೊಂಡು 1933ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಮನೆ ಬಿಟ್ಟು ಹೊರಟ. ರೈಲು ಹತ್ತಿ ಗ್ವಾಲಿಯರ್‌ಗೆ, ಆಮೇಲೆ ಜಲಂಧರದವರೆಗೂ ಅಲೆದ. (ಮನೆ ಬಿಟ್ಟು ಓಡಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ, ತಂದೆತಾಯಂದಿರು ಗಾಬರಿಯಾಗಬಾರದು!) ಕೊನೆಗೆ ಗುರು ಸಿಕ್ಕಿದ್ದು ತನ್ನ ಊರಿಗೆ ಹತ್ತಿರದ ಕುಂದಗೋಳದಲ್ಲೇ. ಅವರು ಸವಾಯಿ ಗಂಧರ್ವರು.

ಮುಖ್ಯವಾದ ಮಾತು ಇಲ್ಲಿಂದ ಮುಂದೆ ಇದೆ. ಅಷ್ಟು ಪ್ರತಿಭೆಯಿದ್ದ ಕುಮಾರರನ್ನು ಮನೆಯವರು “ಇವನಿಗೆ ಎಲ್ಲ ಬರುತ್ತದೆ” ಎಂದು ಹಾಗೇ ಬಿಡಲಿಲ್ಲ. ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಕಲಿಯಲು ಕಳಿಸಿದರು. ನಕಲು ಮಾಡುತ್ತಿದ್ದ ಹುಡುಗ ಅಲ್ಲಿ ರಾಗಗಳನ್ನು ಅರ್ಥಮಾಡಿಕೊಂಡು ಹಾಡಲು ಕಲಿತ. ಅಷ್ಟು ಹಂಬಲವಿದ್ದ ಭೀಮಸೇನರನ್ನೂ ಹಂಬಲ ಗುರುವಿನ ಬಾಗಿಲವರೆಗೆ ಮಾತ್ರ ತಂದಿತು. ಅಲ್ಲಿಂದ ಮುಂದೆ ಗುರುಮನೆಯ ಸೇವೆ, ನೀರು ಹೊರುವ ಕೆಲಸ, ಕೆಲವೇ ರಾಗಗಳ ಮೇಲೆ ದೀರ್ಘ ಅಭ್ಯಾಸ. 2008ರಲ್ಲಿ ಭಾರತರತ್ನ ಘೋಷಣೆಯಾದಾಗ ಲೋಕ ನೋಡಿದ್ದು ಕೊನೆಯ ಫಲವನ್ನು. ಬೇರು ಇದ್ದದ್ದು ಕುಂದಗೋಳದ ಆ ದಿನಗಳಲ್ಲಿ. ಒಬ್ಬರು ಪ್ರತಿಭೆಯಿಂದ ಹೊರಟರು, ಇನ್ನೊಬ್ಬರು ಹಂಬಲದಿಂದ ಹೊರಟರು. ಇಬ್ಬರೂ ಗುರುವಿನ ಮುಂದೆ ಕೂತು ದಿನದಿನ ಅಭ್ಯಾಸ ಮಾಡಲೇಬೇಕಾಯಿತು.

ದನಿ ಒಡೆದಾಗ, ದಾರಿ ಮುಚ್ಚಿದಾಗ

ಸವಾಯಿ ಗಂಧರ್ವರ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ (1913–2009). ಪಾಠಕ್ಕಾಗಿ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಬಡತನ, ಜಾತಿಯ ನೋವು, ಮನೆಯ ಜವಾಬ್ದಾರಿ ಎಲ್ಲವೂ ಇದ್ದವು. ಅದರ ಮೇಲೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಬಳಿಕ ಅವರ ಎತ್ತರದ ತೆಳು ದನಿ ಹೋಗಿ, ಗಂಡಸಿನದೆನ್ನಿಸುವಷ್ಟು ಗಡುಸಾದ ದನಿ ಬಂತು. ಹೆಣ್ಣಿನ ದನಿ ಹೀಗಿರಬೇಕು ಎಂದು ಜನ ನಿರೀಕ್ಷಿಸುವ ದನಿ ಅದಾಗಿರಲಿಲ್ಲ. ಅವರು ಹಾಡು ಬಿಡಲಿಲ್ಲ. ಉಳಿದ ದನಿಯಲ್ಲೇ ಸಾಧನೆ ಮಾಡಿದರು. ಆ ಗಂಭೀರ ದನಿಯೇ ಅವರ ಗುರುತಾಯಿತು. 2002ರಲ್ಲಿ ಪದ್ಮವಿಭೂಷಣ ಬಂತು.

ಕುಮಾರ ಗಂಧರ್ವರಿಗೂ ಇಂಥ ಕಾಲ ಬಂತು. 1947ರಲ್ಲಿ ಮದುವೆಯಾದ ಸ್ವಲ್ಪ ಸಮಯದಲ್ಲೇ ಕ್ಷಯರೋಗ ಹಿಡಿಯಿತು. ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದರು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾಯಿತು. ಬಾಲ್ಯದ ಆ ಪ್ರತಿಭೆಯನ್ನು ನಂಬಿ ಕುಳಿತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಮಲಗಿದ್ದಲ್ಲೇ ಮಾಳವ ಸೀಮೆಯ ಜನಪದ ಹಾಡುಗಳನ್ನು ಕಿವಿಗೊಟ್ಟು ಕೇಳಿದರು. ಚೇತರಿಸಿಕೊಂಡ ಮೇಲೆ ಇರುವ ಉಸಿರಿಗೆ ಹೊಂದುವಂತೆ ಹೊಸ ರೀತಿಯಲ್ಲಿ ಹಾಡಿದರು.

ನಮ್ಮ ಹದಿಮೂರು-ಹದಿನಾಲ್ಕು ವರ್ಷದ ಹುಡುಗರಿಗೆ ಈ ಮಾತು ವಿಶೇಷವಾಗಿ ಬೇಕು. ಆ ವಯಸ್ಸಿನಲ್ಲಿ ಗಂಟಲಿನ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಸ್ವರತಂತುಗಳು ಉದ್ದವೂ ದಪ್ಪವೂ ಆಗುತ್ತವೆ, ದನಿ ಒಡೆಯುತ್ತದೆ. ನಿನ್ನೆ ಹಾಡಿದ ಸ್ವರ ಇಂದು ಸಿಗುವುದಿಲ್ಲ. ಸಂಗೀತಗಾರ ಹೈಡನ್ (1732–1809) ಕೂಡ ವಿಯೆನ್ನಾದ ಸಂತ ಸ್ತೇಫನರ ಪ್ರಧಾನಾಲಯದ ಬಾಲಗಾಯಕರಾಗಿದ್ದು, ದನಿ ಒಡೆದ ಮೇಲೆ ಹೊರಬಿದ್ದವರೇ. ಮುಂದೆ ಪುಸ್ತಕ ನೋಡಿ ತಾವೇ ಕಲಿತು, ಹಿರಿಯ ಸಂಗೀತಗಾರರೊಬ್ಬರ ಮನೆಗೆಲಸ ಮಾಡಿಕೊಂಡು ಇನ್ನಷ್ಟು ಕಲಿತು, ಪೂಜೆಗಾಗಿ ಶ್ರೇಷ್ಠ ಸಂಗೀತ ರಚಿಸಿದರು. ದನಿ ಒಡೆದ ಹುಡುಗ ಗಾನವೃಂದ ಬಿಡಬೇಕಿಲ್ಲ. ಕೆಲವು ತಿಂಗಳು ಕೆಳಗಿನ ಸ್ವರದಲ್ಲಿ ಮೆಲ್ಲಗೆ ಹಾಡಲಿ, ತಬಲಾನೋ ತಾಳವೋ ಹಿಡಿಯಲಿ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೂ ಇಲ್ಲಿ ನೆನೆಯಬೇಕು. ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ದೃಷ್ಟಿಯಿಲ್ಲದವರು. ಅಂಧ, ಅನಾಥ, ಬಡ ಮಕ್ಕಳಿಗೆ ಅನ್ನ-ಆಶ್ರಯ ಕೊಟ್ಟು ಸಂಗೀತ ಕಲಿಸಿದರು. ಲೋಕ ಪಕ್ಕಕ್ಕೆ ಸರಿಸಿದ ಮಕ್ಕಳಿಂದ ಗಾಯಕರು, ವಾದ್ಯಗಾರರು, ಸಂಗೀತ ಶಿಕ್ಷಕರು ತಯಾರಾದರು. ನಮ್ಮ ನೆರೆಯ ಧರ್ಮದವರ ಈ ಸೇವೆಯಿಂದ ನಾವು ಕಲಿಯುವುದು ಬಹಳ ಇದೆ.

ವಿಜ್ಞಾನ ಏನು ಹೇಳುತ್ತದೆ?

ವಿಜ್ಞಾನಿಗಳೂ ಈ ಪ್ರಶ್ನೆಯನ್ನು ಪರೀಕ್ಷಿಸಿದ್ದಾರೆ. 1993ರಲ್ಲಿ ಆಂಡರ್ಸ್ ಎರಿಕ್‌ಸನ್ ಮತ್ತು ಜೊತೆಗಾರರು ಬರ್ಲಿನ್ನಿನ ಸಂಗೀತ ವಿದ್ಯಾಲಯದ ಪಿಟೀಲು ವಿದ್ಯಾರ್ಥಿಗಳ ಅಧ್ಯಯನ ಪ್ರಕಟಿಸಿದರು. 18ನೇ ವಯಸ್ಸಿನವರೆಗೆ ಒಬ್ಬರೇ ಕೂತು ಮಾಡಿದ ಅಭ್ಯಾಸವನ್ನು ಲೆಕ್ಕ ಹಾಕಿದಾಗ, ಅತ್ಯುತ್ತಮರದು ಸರಾಸರಿ 7,410 ಗಂಟೆ, ಉತ್ತಮರದು 5,301 ಗಂಟೆ, ಸಂಗೀತ ಶಿಕ್ಷಕರಾಗಲು ಓದುತ್ತಿದ್ದವರದು 3,420 ಗಂಟೆ.

ಇದನ್ನು ನೋಡಿ “ಅಭ್ಯಾಸವೇ ಎಲ್ಲ” ಎಂದು ತೀರ್ಮಾನಿಸಬಾರದು. 2014ರಲ್ಲಿ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಸಂಗಡಿಗರು ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸಂಗೀತದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರದಲ್ಲಿ ಸುಮಾರು ಶೇಕಡ 21ರಷ್ಟನ್ನು ಅಭ್ಯಾಸದ ಪ್ರಮಾಣ ವಿವರಿಸುತ್ತದೆ ಎಂದು ಕಂಡುಬಂತು. ಉಳಿದ ಪಾಲಿನಲ್ಲಿ ಹುಟ್ಟುಗುಣ, ಕಲಿಕೆ ಶುರುಮಾಡಿದ ವಯಸ್ಸು, ಗುರು, ಮನೆಯ ವಾತಾವರಣ ಮುಂತಾದ ಹಲವು ಕಾರಣಗಳಿರಬಹುದು. ಐದು, ಎರಡು, ಒಂದು ಎಂಬ ವ್ಯತ್ಯಾಸವನ್ನು ವಿಜ್ಞಾನವೂ ಅಲ್ಲಗಳೆಯುವುದಿಲ್ಲ.

ಒಲವಿನ ಬಗ್ಗೆಯೂ ಒಂದು ಅಧ್ಯಯನವಿದೆ. ಆಸ್ಟ್ರೇಲಿಯದಲ್ಲಿ ಗ್ಯಾರಿ ಮ್ಯಾಕ್‌ಫರ್ಸನ್ ವಾದ್ಯ ಕಲಿಯಲು ಹೊರಟ ಮಕ್ಕಳನ್ನು ಪಾಠ ಶುರುವಾಗುವ ಮೊದಲೇ “ಎಷ್ಟು ಕಾಲ ನುಡಿಸುತ್ತೀರಿ” ಎಂದು ಕೇಳಿದರು. ಬಹಳ ವರ್ಷ ನುಡಿಸುತ್ತೇವೆ ಎಂದವರು, ಸ್ವಲ್ಪ ಕಾಲ ನೋಡೋಣ ಎಂದವರಿಗಿಂತ ಅಷ್ಟೇ ಅಭ್ಯಾಸದಲ್ಲಿ ಹೆಚ್ಚು ಕಲಿತರು. ಕ್ಷಣದ ಉತ್ಸಾಹಕ್ಕೂ “ಇದು ನನ್ನದು, ನಾನು ಬಿಡುವುದಿಲ್ಲ” ಎಂಬ ನಿಶ್ಚಯಕ್ಕೂ ಇರುವ ಅಂತರ ಇದು. ಅಭ್ಯಾಸಕ್ಕೆ ಬಾರದ ಒಲವು ಬರೀ ಆಸೆ. ಕಾಲಾವಧಿಯ ನಿಶ್ಚಯ ಮಾಡಿದ ಒಲವು ಅಭ್ಯಾಸಕ್ಕೆ ಬಲ ಕೊಡುತ್ತದೆ.

ಹುಟ್ಟಿನಿಂದಲೇ ಸ್ವರಭೇದ ತಿಳಿಯದವರು ಇದ್ದಾರೆಯೇ? ಇದ್ದಾರೆ, ಆದರೆ ನೂರರಲ್ಲಿ ಬೆರಳೆಣಿಕೆಯಷ್ಟು ಮಾತ್ರ. “ನನಗೆ ಕಂಠವಿಲ್ಲ” ಎನ್ನುವವರ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು. ಅವರಲ್ಲಿ ಹೆಚ್ಚಿನವರಿಗೆ ಸ್ವರ ಕೇಳಿಸುತ್ತದೆ, ಅದನ್ನು ಗಂಟಲಿನಲ್ಲಿ ಹಿಡಿಯುವ ರೂಢಿ ಆಗಿಲ್ಲ ಅಷ್ಟೇ.

ಧರ್ಮಸಭೆ ನಮ್ಮಿಂದ ಕೇಳುವುದು

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನದ ಆರನೇ ಅಧ್ಯಾಯ ಪೂರ್ತಿ ಸಂಗೀತಕ್ಕೆ ಮೀಸಲು. ಗಾನವೃಂದಗಳನ್ನು ಶ್ರದ್ಧೆಯಿಂದ ಬೆಳೆಸಬೇಕು, ಸಂಗೀತ ಕಲಿಸಬೇಕು, ಜನರೆಲ್ಲರೂ ತಮಗೆ ಸೇರಿದ ಭಾಗಗಳನ್ನು ಹಾಡುವಂತಾಗಬೇಕು, ಆಯಾ ನಾಡಿನ ಸಂಗೀತ ಪರಂಪರೆಗೆ ಮಾನ ಕೊಡಬೇಕು ಎಂದು ಅದು ಹೇಳುತ್ತದೆ. 1967ರ ಮಾರ್ಚ್ 5ರ ಪವಿತ್ರ ಸಂಗೀತದ ಮಾರ್ಗದರ್ಶಿ ನಮ್ಮಂಥ ಸಣ್ಣ ಸಮುದಾಯಗಳನ್ನೂ ನೆನೆಯುತ್ತದೆ: ಚಿಕ್ಕ ಗಾನವೃಂದವನ್ನೂ ಕಟ್ಟಲಾಗದ ಕಡೆ, ಸರಿಯಾಗಿ ಕಲಿತ ಒಬ್ಬಿಬ್ಬರು ಗಾಯಕರಾದರೂ ಇರಲಿ, ಅವರು ಸರಳ ಹಾಡುಗಳನ್ನು ಎತ್ತಿಕೊಟ್ಟು ಜನರನ್ನು ನಡೆಸಲಿ. ಅಂದರೆ ಕಲಿತ ಒಬ್ಬರು ಇರುವುದು ಉಳಿದವರನ್ನು ಹಾಡಿಸುವುದಕ್ಕೆ.

ಹಿರಿಯರ ಸಲಹೆಗೆ ಉತ್ತರ ಇಲ್ಲಿದೆ. ಕೀರ್ತನೆಯ ಚರಣವನ್ನು ಒಬ್ಬರೇ ಹಾಡುವಾಗ ಚೆನ್ನಾಗಿ ಕಲಿತವರೇ ನಿಲ್ಲಲಿ, ಅದು ನ್ಯಾಯ. ಪಲ್ಲವಿ ಮಾತ್ರ ಎಲ್ಲರದು. ಅದನ್ನು ಯಾರ ಬಾಯಿಂದಲೂ ಕಿತ್ತುಕೊಳ್ಳುವುದು ಬೇಡ.

ನಮ್ಮ ಗಾನವೃಂದದಲ್ಲಿ ಏನು ಮಾಡೋಣ?

1. ಶ್ರುತಿ ಸರಿಯಾಗಿ ಇಡೋಣ. ಸಾಮಾನ್ಯವಾಗಿ ಗಂಡಸರಿಗೆ ಹಾರ್ಮೋನಿಯಂನ ಕಪ್ಪು ಒಂದು ಅಥವಾ ಎರಡು ಆರಾಮ, ಹೆಂಗಸರಿಗೆ ಕಪ್ಪು ನಾಲ್ಕು ಅಥವಾ ಐದು. ಪೆಟ್ಟಿಗೆ ನುಡಿಸುವವರು ತಮ್ಮ ದನಿಗೆ ಶ್ರುತಿ ಇಟ್ಟರೆ ಉಳಿದ ಅರ್ಧ ಜನ ಕಿರುಚಬೇಕು ಅಥವಾ ಸುಮ್ಮನಾಗಬೇಕು. ಎಷ್ಟೋ ಜನರಿಗೆ “ಕಂಠವಿಲ್ಲ” ಎಂದು ಅನಿಸಿರುವುದು ಇದರಿಂದಲೇ. ಎಲ್ಲರೂ ಸೇರಿ ಹಾಡುವಾಗ ನಡುವಿನ ಶ್ರುತಿ ಹುಡುಕಿ, ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಹಾಡಿಸಿ ನೋಡೋಣ.

2. ಮೊದಲು ಕೇಳೋಣ. ಹೊಸಬರು ಸ್ಥಿರವಾಗಿ ಹಾಡುವವರ ಪಕ್ಕ ಕೂರಲಿ. ಪೆಟ್ಟಿಗೆಯ ಒಂದೇ ಸ್ವರವನ್ನು ಬಾಯಿ ಮುಚ್ಚಿ ಗುನುಗಿ, ಅದು ಕೂಡಿಕೊಂಡ ಮೇಲೆ ಬಾಯಿ ತೆರೆಯಲಿ. ಮೊಬೈಲಿನಲ್ಲಿ ತಮ್ಮ ದನಿ ರೆಕಾರ್ಡ್ ಮಾಡಿ ಕೇಳಲಿ.

3. ಸ್ವಲ್ಪವಾದರೂ ದಿನಾಲೂ. ಶನಿವಾರ ಎರಡು ತಾಸು ಒಮ್ಮೆಲೇ ಹಾಡುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಮೇಲು. ತಪ್ಪುವ ಸಾಲನ್ನಷ್ಟೇ ಹಿಡಿದು, ನಿಧಾನವಾಗಿ, ಸರಿಯಾಗುವವರೆಗೆ ಹಾಡಬೇಕು. ಬರುವ ಸಾಲನ್ನೇ ಮತ್ತೆ ಮತ್ತೆ ಹಾಡಿದರೆ ಖುಷಿ ಸಿಗುತ್ತದೆ, ಕಲಿಕೆ ಸಾಗುವುದಿಲ್ಲ.

4. ಕನ್ನಡ ಓದಲು ಕಲಿಯೋಣ. ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದ ಮಕ್ಕಳು ಕನ್ನಡ ಹಾಡನ್ನು ತೆಲುಗು ಅಕ್ಷರಗಳಲ್ಲಿ ಬರೆದುಕೊಳ್ಳುತ್ತಾರೆ. ಶುರುವಿಗೆ ಅದು ಸರಿ. ಆದರೆ ಎರಡು ಲಿಪಿಗಳು ಅಕ್ಕತಂಗಿಯರಂತಿವೆ. ತೆಲುಗು ಓದಬಲ್ಲ ಮಗು ಕೆಲವೇ ವಾರಗಳಲ್ಲಿ ಕನ್ನಡ ಗೀತೆಪುಸ್ತಕ ಓದಬಲ್ಲದು. ಅರ್ಥ ತಿಳಿದು ಹಾಡಿದಾಗ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

5. ಹಾಜರಿಯೇ ಅರ್ಹತೆಯಾಗಲಿ. ಭಾನುವಾರ ಹಾಡುವವರು ಆ ವಾರದ ಅಭ್ಯಾಸಕ್ಕೆ ಬಂದಿರಲಿ. ಕಂಠ ಎಷ್ಟೇ ಚೆನ್ನಾಗಿದ್ದರೂ ಈ ನಿಯಮ ಒಂದೇ. ಆದರೆ ಕಬ್ಬಿನ ಕಟಾವಿಗೆ ಊರು ಬಿಟ್ಟು ಹೋಗುವ ಮನೆಗಳ ಮಕ್ಕಳಿಗೆ ಈ ನಿಯಮವನ್ನು ಕಲ್ಲಿನಂತೆ ಹೇರಬಾರದು. ಅವರಿಗೆ ಹಾಡನ್ನು ಮೊಬೈಲಿಗೆ ಕಳಿಸೋಣ. ಮರಳಿ ಬಂದಾಗ ಅವರ ಜಾಗ ಅವರಿಗಿರಲಿ.

6. ಐದು ತಲಾಂತಿನವರು ಒಬ್ಬರಿಗಾದರೂ ಕಲಿಸಲಿ. ನಿಮಗೆ ಸುಲಭವಾಗಿ ಬರುವುದು ಇನ್ನೊಬ್ಬರಿಗೆ ಏಕೆ ಬರುತ್ತಿಲ್ಲ ಎಂದು ತಾಳ್ಮೆಯಿಂದ ನೋಡಿ. ವರ್ಷದ ಕೊನೆಗೆ ನಿಮ್ಮಿಂದ ಒಬ್ಬರು ತಯಾರಾದರೆ ಐದು ಹತ್ತಾಗುವ ದಾರಿಯಲ್ಲಿದೆ.

7. ಮಕ್ಕಳಿಗೆ “ನಿನಗೆ ಹಾಡು ಬರೋದಿಲ್ಲ, ಸುಮ್ಮನಿರು” ಎಂದು ಯಾರೂ ಹೇಳಬಾರದು. ಮನೆಯಲ್ಲೂ ಬೇಡ, ದೇವಾಲಯದಲ್ಲೂ ಬೇಡ. ಒಂದು ಮಾತಿನಿಂದ ಒಂದು ತಲಾಂತು ಮಣ್ಣಿನ ಕೆಳಗೆ ಹೋಗುತ್ತದೆ. “ಇನ್ನೊಮ್ಮೆ ಕೇಳು, ಇನ್ನೊಮ್ಮೆ ಹಾಡು” ಎನ್ನಿ.

ಶೀರ್ಷಿಕೆಯ ಪ್ರಶ್ನೆಗೆ ನಮ್ಮ ಉತ್ತರ ಹೀಗಿದೆ. ಕಂಠ ದೇವರ ಕೊಡುಗೆ, ಎಷ್ಟು ಕೊಟ್ಟರೆಂದು ತೂಗಿ ನೋಡುವ ಕೆಲಸ ನಮ್ಮದಲ್ಲ. ಮನಸ್ಸೂ ದೇವರ ಕೊಡುಗೆಯೇ, ಅದು ನಮ್ಮನ್ನು ಅಭ್ಯಾಸದ ಜಾಗಕ್ಕೆ ಕರೆತರಬೇಕು. ಬಂದು ಕೂತು ಕಲಿಯುವುದು ಮಾತ್ರ ನಮ್ಮ ಕೈಯಲ್ಲಿದೆ. ಗಾನವೃಂದ ನಿಮ್ಮಿಂದ ಕೇಳುವುದು ಅದನ್ನೇ.

ಗುಂಪು ಚರ್ಚೆಗೆ

1. ಮತ್ತಾಯ 25:25ರಲ್ಲಿ ಮೂರನೆಯ ಸೇವಕ ಹೇಳಿದ ಹೆದರಿಕೆ ನಮ್ಮಲ್ಲಿ ಯಾವ ಯಾವ ರೂಪದಲ್ಲಿದೆ?

2. ದಾವೀದನ ಗಾಯಕರಲ್ಲಿ ಗುರು-ಶಿಷ್ಯರು ಒಟ್ಟಿಗೆ ಚೀಟಿ ಎತ್ತಿದರು. ನಮ್ಮಲ್ಲಿ ಸರದಿ ಹೇಗೆ ಹಂಚಬೇಕು?

3. ನಮ್ಮ ಮನೆಯ ಹಿರಿಯರಿಗೆ ಮಾತ್ರ ಗೊತ್ತಿರುವ ಕನ್ನಡ ಭಕ್ತಿಗೀತೆಗಳು ಯಾವುವು? ಈ ತಿಂಗಳು ಅವರಿಂದ ಒಂದನ್ನು ಯಾರು ಕಲಿತು ಬರುತ್ತೀರಿ?

4. ರೋಮನರಿಗೆ 12:6–8 ಓದಿ. ಹಾಡುವುದನ್ನು ಬಿಟ್ಟು ಗಾನವೃಂದದಲ್ಲಿ ಬೇರೆ ಯಾವ ಸೇವೆಗಳಿವೆ?

ಪ್ರಾರ್ಥನೆ

ಪ್ರಭುವೇ, ನಮ್ಮಲ್ಲಿ ಕೆಲವರಿಗೆ ಹೆಚ್ಚು ಕೊಟ್ಟಿದ್ದೀರಿ, ಕೆಲವರಿಗೆ ಕಡಿಮೆ ಎಂದು ನಮಗೆ ಕಾಣುತ್ತದೆ. ಕೊಟ್ಟದ್ದನ್ನು ಹೂತಿಡದ ಧೈರ್ಯ ಕೊಡಿ. ಚೆನ್ನಾಗಿ ಹಾಡುವವರಿಗೆ ತಾಳ್ಮೆಯನ್ನೂ, ಹಾಡಲು ಹೆದರುವವರಿಗೆ ಜೊತೆಗಾರರನ್ನೂ ಕೊಡಿ. ಈ ಗಡಿನಾಡಿನಲ್ಲಿ ನಮ್ಮ ತಾಯಿನುಡಿಯ ಹಾಡು ನಿಮ್ಮ ಪೀಠದ ಮುಂದೆ ನಿಲ್ಲದಿರಲಿ. ಸಂತ ಸಿಸಿಲಿಯರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.